ಇಪ್ಪತ್ತಾರು ಬಿಷಪ್‌ಗಳು, ಒಂದು ದಯಾಮರಣ ಮಸೂದೆ

ಬ್ರಿಟನ್ನಿನ ಸಂಸತ್ತಿನಲ್ಲಿ ಒಳ್ಳೆಯ ಜಾಗ ಬೇಕಾದರೆ ಪ್ರಾರ್ಥನೆಗೆ ಹೋಗಬೇಕು. ಇದು ಗೇಲಿಯ ಮಾತಲ್ಲ, ಅಲ್ಲಿನ ಪದ್ಧತಿ. ಹೌಸ್ ಆಫ್ ಕಾಮನ್ಸ್‌ನ ಸದಸ್ಯರು 650 ಮಂದಿ. ಹಸಿರು ಬೆಂಚುಗಳ ಮೇಲೆ ಕೂರಲು ಜಾಗವಿರುವುದು 427 ಮಂದಿಗೆ. ಬಜೆಟ್ ದಿನ, ಬುಧವಾರದ ಪ್ರಧಾನಿ ಪ್ರಶ್ನೋತ್ತರದ ದಿನ ಪೈಪೋಟಿ ಜೋರು. ಬೆಳಿಗ್ಗೆಯೇ ಬಂದು ಸಣ್ಣದೊಂದು ಪ್ರಾರ್ಥನಾ ಚೀಟಿಯ ಮೇಲೆ ಹೆಸರು ಬರೆದು ಬೆಂಚಿನ ಮೇಲಿಟ್ಟು ಹೋಗಬಹುದು. ಆದರೆ ಕಲಾಪಕ್ಕೆ ಮುನ್ನ ನಡೆಯುವ ಪ್ರಾರ್ಥನೆಗೆ ಹಾಜರಾದರೆ ಮಾತ್ರ ಆ ಜಾಗ ದಿನಪೂರ್ತಿ ಅವರದು. ಸಭಾಧ್ಯಕ್ಷರ ಪಾದ್ರಿ ಕೆಲವು ನಿಮಿಷ ಪ್ರಾರ್ಥನೆ ಓದುತ್ತಾರೆ, ಸದಸ್ಯರು ಎದ್ದು ನಿಂತು ಬೆನ್ನ ಹಿಂದಿನ ಗೋಡೆಯತ್ತ ತಿರುಗುತ್ತಾರೆ. ಸೊಂಟಕ್ಕೆ ಕತ್ತಿ ಕಟ್ಟಿಕೊಂಡವರಿಗೆ ಮಂಡಿಯೂರುವುದು ಕಷ್ಟವಾಗಿ ಈ ಪದ್ಧತಿ ಬಂತೆಂಬುದು ಪ್ರತೀತಿ. ದೇವರನ್ನು ನಂಬದ ಸದಸ್ಯರೂ ಗೋಡೆಗೆ ಮುಖ ಮಾಡಿ ನಿಂತಿರುತ್ತಾರೆ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಅಲ್ಲಿ ದೇವರ ಹೆಸರು ಆ ಟವೆಲ್ಲಿನ ಕೆಲಸ ಮಾಡುತ್ತಿದೆ.

ಇಂಗ್ಲೆಂಡಿಗೆ ಅಧಿಕೃತ ಧರ್ಮವಿದೆ ಎಂಬುದನ್ನು ಇಲ್ಲಿ ಕುಳಿತ ನಾವು ಮರೆತೇ ಬಿಡುತ್ತೇವೆ. ದೊರೆ ಚಾರ್ಲ್ಸ್ ಅವರೇ ಚರ್ಚ್ ಆಫ್ ಇಂಗ್ಲೆಂಡಿನ ಮುಖ್ಯಸ್ಥರು. ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಆ ಚರ್ಚಿನ 26 ಬಿಷಪ್‌ಗಳಿಗೆ ಹುದ್ದೆಯ ಬಲದಿಂದಲೇ ಸ್ಥಾನ ಸಿಗುತ್ತದೆ. ಇಂಗ್ಲೆಂಡಿನ ಸರ್ಕಾರಿ ಅನುದಾನದ ಶಾಲೆಗಳಲ್ಲಿ ದಿನವೂ ಪ್ರಾರ್ಥನೆ ನಡೆಯಬೇಕು, ಅದು ಬಹುಮಟ್ಟಿಗೆ ಕ್ರೈಸ್ತ ಸ್ವರೂಪದ್ದಾಗಿರಬೇಕು ಎಂದು ಕಾನೂನು ಹೇಳುತ್ತದೆ. ಎಷ್ಟೋ ಶಾಲೆಗಳಲ್ಲಿ ಅದು ಪುಸ್ತಕದ ಬದನೆಕಾಯಿ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಮ್ಮನ್ನು ಕ್ರೈಸ್ತರೆಂದು ಬರೆಸಿದವರು ಶೇ 46.2 ಮಾತ್ರ, ಜನಗಣತಿಯ ಇತಿಹಾಸದಲ್ಲಿ ಮೊದಲ ಬಾರಿಗೆ ಆ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಯಾವ ಧರ್ಮವೂ ಇಲ್ಲವೆಂದವರು ಶೇ 37.2.

ಇದನ್ನೆಲ್ಲ ನೋಡಿದವರಿಗೆ ಎರಡರಲ್ಲಿ ಒಂದು ಅಭಿಪ್ರಾಯ ಮೂಡುತ್ತದೆ. ಬ್ರಿಟನ್ ಇನ್ನೂ ಪಾದ್ರಿಗಳ ಹಿಡಿತದಲ್ಲಿದೆ ಎನ್ನುವುದು ಒಂದು, ಧರ್ಮ ಅಲ್ಲಿ ಬರಿಯ ವೇಷಭೂಷಣವಾಗಿ ಉಳಿದಿದೆ ಎನ್ನುವುದು ಇನ್ನೊಂದು. ಎರಡೂ ಪೂರ್ತಿ ಸರಿಯಲ್ಲ ಎಂಬುದು ನನ್ನ ವಾದ. ಕಾನೂನಿನಲ್ಲಿ ಧರ್ಮಕ್ಕೆ ಜಾಗ ಬರೆದುಕೊಟ್ಟ ಕಡೆ ಅದರ ಶಕ್ತಿ ಕಡಿಮೆ. ಎಲ್ಲೂ ಬರೆಯದ ಕಡೆ, ಅಂದರೆ ಆರಿಸಿ ಬಂದ ಸದಸ್ಯರ ಮನಸ್ಸಿನೊಳಗೆ, ಅದು ಗಟ್ಟಿಯಾಗಿ ಕೆಲಸ ಮಾಡುತ್ತಿದೆ. ಈಚಿನ ದಯಾಮರಣ ಮಸೂದೆಯ ಚರ್ಚೆಯಷ್ಟು ಸ್ಪಷ್ಟವಾಗಿ ಇದನ್ನು ತೋರಿಸಿದ್ದು ಬೇರೊಂದಿಲ್ಲ.

ಮೊದಲು ಬಿಷಪ್‌ಗಳ ಕಥೆ. ಮಧ್ಯಯುಗದಲ್ಲಿ ಲಾರ್ಡ್ಸ್ ಸಭೆಯಲ್ಲಿ ಬಿಷಪ್‌ಗಳೂ ಮಠಾಧಿಪತಿಗಳೂ ಸೇರಿ ಬಹುಮತದಲ್ಲಿದ್ದರು. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಮಠಾಧಿಪತಿಗಳು ಹೋದರು. 1642ರಲ್ಲಿ ಅಂತರ್ಯುದ್ಧದ ಹೊಸ್ತಿಲಲ್ಲಿ ಬಿಷಪ್‌ಗಳನ್ನೂ ಹೊರಹಾಕಲಾಯಿತು. ರಾಜಪ್ರಭುತ್ವ ಮರಳಿದ ಮೇಲೆ 1661ರಲ್ಲಿ ಅವರೂ ಮರಳಿದರು. ಕೈಗಾರಿಕಾ ನಗರಗಳು ಬೆಳೆದು ಹೊಸ ಧರ್ಮಪ್ರಾಂತಗಳು ಬೇಕಾದಾಗ, 1847ರಲ್ಲಿ ಮ್ಯಾಂಚೆಸ್ಟರಿಗೆ ಬಿಷಪ್ ನೇಮಿಸುವ ಕಾನೂನು ಬಂತು. ಪ್ರಾಂತ ಎಷ್ಟೇ ಹೆಚ್ಚಲಿ, ಸಂಸತ್ತಿನ ಸ್ಥಾನ ಮಾತ್ರ ಹೆಚ್ಚಬಾರದು ಎಂದು ಅದು ವಿಧಿಸಿತು. ಅಂದಿನಿಂದ 26 ಎಂಬ ಸಂಖ್ಯೆ ಕದಲಿಲ್ಲ. ಕ್ಯಾಂಟರ್‌ಬರಿ ಮತ್ತು ಯಾರ್ಕ್‌ನ ಆರ್ಚ್‌ಬಿಷಪ್‌ಗಳು, ಲಂಡನ್, ಡರ್ಹಾಮ್, ವಿಂಚೆಸ್ಟರ್‌ನ ಬಿಷಪ್‌ಗಳು ನೇರವಾಗಿ ಬರುತ್ತಾರೆ. ಉಳಿದ 21 ಸ್ಥಾನಗಳು ಹಿರಿತನದ ಮೇಲೆ ಹಂಚಿಕೆಯಾಗುತ್ತವೆ. 2015ರ ಕಾನೂನಿನಿಂದ ಮಹಿಳಾ ಬಿಷಪ್‌ಗಳಿಗೆ ಇದರಲ್ಲಿ ಆದ್ಯತೆ.

ಇದರ ವಿಚಿತ್ರವೊಂದಿದೆ. ಇವರೆಲ್ಲ ಇಂಗ್ಲೆಂಡಿನವರು. ಐರ್ಲೆಂಡಿನ ಚರ್ಚಿಗೆ ಸರ್ಕಾರದೊಂದಿಗಿದ್ದ ಅಧಿಕೃತ ನಂಟನ್ನು 1869ರ ಕಾನೂನು ಕಡಿಯಿತು. ವೇಲ್ಸ್‌ನದು 1920ರಲ್ಲಿ ಕಡಿಯಿತು. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಬಿಷಪ್ಪೇ ಇಲ್ಲ. ಆದರೂ ಗ್ಲಾಸ್ಗೋ, ಕಾರ್ಡಿಫ್, ಬೆಲ್‌ಫಾಸ್ಟ್ ಜನರಿಗೆ ಅನ್ವಯಿಸುವ ಕಾನೂನುಗಳ ಮೇಲೂ ಈ 26 ಮಂದಿ ಮತ ಹಾಕಬಹುದು.

ಇದನ್ನು ಬದಲಿಸುವ ಪ್ರಯತ್ನಗಳಾಗಿಲ್ಲವೆಂದಲ್ಲ. 2012ರ ಸುಧಾರಣಾ ಮಸೂದೆ ಬಿಷಪ್‌ಗಳನ್ನು 12ಕ್ಕೆ ಇಳಿಸಲು ಹೊರಟಿತ್ತು; ಆ ಮಸೂದೆಯನ್ನೇ ಸರ್ಕಾರ ಕೈಬಿಟ್ಟಿತು. 2024ರ ನವೆಂಬರ್ 12 ಇನ್ನೂ ಕುತೂಹಲದ ದಿನ. ಲೇಬರ್ ಸರ್ಕಾರ ಲಾರ್ಡ್ಸ್ ಸಭೆಯಿಂದ ವಂಶಪಾರಂಪರ್ಯದ ಸದಸ್ಯರನ್ನು ತೆಗೆಯುವ ಮಸೂದೆ ತಂದಿತ್ತು. ವಂಶದವರನ್ನು ತೆಗೆಯುವುದಾದರೆ ಬಿಷಪ್‌ಗಳನ್ನು ಏಕೆ ಉಳಿಸಬೇಕು ಎಂದು ತಿದ್ದುಪಡಿ ತಂದವರು ಎಡಪಂಥೀಯರಲ್ಲ, ಕನ್ಸರ್ವೇಟಿವ್ ಪಕ್ಷದ ಮಾಜಿ ಸಚಿವ ಗ್ಯಾವಿನ್ ವಿಲಿಯಮ್ಸನ್. ಅವರ ಪರ ಬಿದ್ದದ್ದು 41 ಮತ, ವಿರುದ್ಧ 378. ಅದೇ ದಿನ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಘೋಷಿಸಿದರು. ದಶಕಗಳ ಕಾಲ ಹುಡುಗರನ್ನು ಹಿಂಸಿಸಿದ ಜಾನ್ ಸ್ಮಿತ್ ಎಂಬ ವ್ಯಕ್ತಿಯ ವಿಷಯದಲ್ಲಿ ಚರ್ಚ್ ಹೇಗೆ ಕೈಕಟ್ಟಿ ಕುಳಿತಿತ್ತು ಎಂಬುದನ್ನು ಸ್ವತಂತ್ರ ತನಿಖಾ ವರದಿಯೊಂದು ಬಯಲಿಗೆಳೆದಿತ್ತು. ಚರ್ಚಿನ ಮಾನ ಹರಾಜಾದ ದಿನವೇ ಸಂಸತ್ತು ಅದರ ಕುರ್ಚಿಗಳನ್ನು ಭಾರಿ ಬಹುಮತದಿಂದ ಉಳಿಸಿಕೊಟ್ಟಿತು. ನಾಸ್ತಿಕರೆಂದು ಹೇಳಿಕೊಳ್ಳುವ ಪ್ರಧಾನಿ ಕಿಯರ್ ಸ್ಟಾರ್ಮರ್ ಅವರ ಸರ್ಕಾರವೇ ಅದಕ್ಕೆ ಕಾವಲು ನಿಂತಿತು.

ಇದರಲ್ಲಿ ಭಕ್ತಿ ಹುಡುಕಬೇಕಿಲ್ಲ. ಬಿಷಪ್‌ಗಳ ಕುರ್ಚಿಗೆ ಕೈ ಹಾಕಿದರೆ ಚರ್ಚ್ ಮತ್ತು ಪ್ರಭುತ್ವದ ನಂಟಿನ ಪ್ರಶ್ನೆ ಏಳುತ್ತದೆ, ಅಲ್ಲಿಂದ ಪಟ್ಟಾಭಿಷೇಕದ ಪ್ರಮಾಣವಚನ, ದೊರೆಯ ಧರ್ಮ, ಹೀಗೆ ಒಂದೊಂದೇ ಎಳೆ ಬಿಚ್ಚಿಕೊಳ್ಳುತ್ತದೆ. ಯಾವ ಸರ್ಕಾರಕ್ಕೂ ಅದಕ್ಕೆ ಪುರುಸೊತ್ತಿಲ್ಲ, ಮತವೂ ಇಲ್ಲ. ಜತೆಗೆ 800ರ ಆಸುಪಾಸಿನ ಸದಸ್ಯರಿದ್ದ ಸಭೆಯಲ್ಲಿ 26 ಎಷ್ಟು? ತಮ್ಮ ಪ್ರಾಂತದ ಕೆಲಸವಿರುವ ಬಿಷಪ್‌ಗಳು ಸರದಿಯ ಮೇಲೆ ಬರುತ್ತಾರೆ, ದಿನದ ಪ್ರಾರ್ಥನೆ ಓದುತ್ತಾರೆ. ಅವರ ಮತದಿಂದಲೇ ತೀರ್ಮಾನವಾದ ಪ್ರಸಂಗಗಳು ಅಪರೂಪ.

ಅಲ್ಲದೆ ಈ ನಂಟಿನಲ್ಲಿ ಸಂಸತ್ತಿನ ಹಿಡಿತವೂ ಇದೆ. 1927ರಲ್ಲಿ, ಮತ್ತೆ 1928ರಲ್ಲಿ, ಚರ್ಚ್ ತನ್ನದೇ ಪ್ರಾರ್ಥನಾ ಪುಸ್ತಕವನ್ನು ಪರಿಷ್ಕರಿಸಿಕೊಂಡು ಬಂದಾಗ ಕಾಮನ್ಸ್ ಸಭೆ ಅದನ್ನು ತಿರಸ್ಕರಿಸಿತು. ಮಹಿಳೆಯರು ಬಿಷಪ್ ಆಗುವ ಪ್ರಸ್ತಾವ 2012ರಲ್ಲಿ ಚರ್ಚಿನ ಮಹಾಸಭೆಯಲ್ಲಿ ಬಿದ್ದುಹೋದಾಗ ಸಂಸದರು ಸಿಡಿದೆದ್ದರು. ಎರಡೇ ವರ್ಷದಲ್ಲಿ ಪ್ರಸ್ತಾವ ಪಾಸಾಯಿತು. ಚರ್ಚಿನ ಪರವಾಗಿ ಕಾಮನ್ಸ್‌ನಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಡಲೆಂದೇ ಒಬ್ಬ ಸಂಸದರಿರುತ್ತಾರೆ.

ಬಿಷಪ್‌ಗಳ ನೇಮಕದ ಕಡತ ಪ್ರಧಾನಿಯ ಮೂಲಕವೇ ದೊರೆಯ ಬಳಿ ಹೋಗುತ್ತದೆ. 2007ರ ನಂತರ ಚರ್ಚ್ ಸೂಚಿಸಿದ ಹೆಸರನ್ನೇ ಪ್ರಧಾನಿ ಮುಂದಕ್ಕೆ ಕಳಿಸುವ ಪದ್ಧತಿ ಬಂದಿದ್ದರೂ ದಾರಿ ಮಾತ್ರ ಅದೇ. ಇನ್ನು ಹಳೆಯ ಕಾನೂನುಗಳ ತಮಾಷೆ ನೋಡಿ. 1829ರ ಕಾನೂನಿನ ಪ್ರಕಾರ ಕ್ಯಾಥೊಲಿಕರು, 1858ರ ಕಾನೂನಿನ ಪ್ರಕಾರ ಯಹೂದಿಯರು, ಚರ್ಚಿನ ಹುದ್ದೆಗಳ ಕುರಿತು ದೊರೆಗೆ ಸಲಹೆ ಕೊಡುವಂತಿಲ್ಲ. ಹಿಂದೂಗಳ ಬಗ್ಗೆ ಎಲ್ಲೂ ಉಲ್ಲೇಖವಿಲ್ಲ. ಅಂಥದೊಂದು ದಿನ ಬಂದೀತೆಂದು ಆ ಕಾಲದವರು ಕನಸಿನಲ್ಲೂ ಎಣಿಸಿರಲಾರರು. ಹಾಗಾಗಿ ಭಗವದ್ಗೀತೆಯ ಮೇಲೆ ಕೈಯಿಟ್ಟು ಸಂಸದನ ಪ್ರಮಾಣ ತೆಗೆದುಕೊಂಡ ರಿಷಿ ಸುನಕ್, ನಮ್ಮ ಪತ್ರಿಕೆಗಳು ಕರ್ನಾಟಕದ ಅಳಿಯನೆಂದು ಮೆರೆಸಿದ ಅದೇ ಸುನಕ್, ಯಾವ ಅಡ್ಡಿಯೂ ಇಲ್ಲದೆ ಕ್ರೈಸ್ತ ಬಿಷಪ್‌ಗಳ ಹೆಸರನ್ನು ಅರಮನೆಗೆ ಕಳಿಸಿದರು. 2023ರ ಮೇ ತಿಂಗಳ ಪಟ್ಟಾಭಿಷೇಕದಲ್ಲಿ ಬೈಬಲ್ಲಿನ ಭಾಗವನ್ನೂ ಓದಿದರು. ಕ್ಯಾಥೊಲಿಕ್ ಆಗಿ ದೀಕ್ಷಾಸ್ನಾನ ಪಡೆದಿದ್ದ ಬೋರಿಸ್ ಜಾನ್ಸನ್ ಪ್ರಧಾನಿಯಾಗಿದ್ದಾಗ ಇದೇ ವಿಷಯ ಪ್ರಶ್ನೆಯಾಗಿ ಎದ್ದಿತ್ತು.

ಈಗ ದಯಾಮರಣದ ಮಾತಿಗೆ ಬರೋಣ. 2024ರ ಅಕ್ಟೋಬರ್‌ನಲ್ಲಿ ಲೇಬರ್ ಸಂಸದೆ ಕಿಮ್ ಲೆಡ್‌ಬೀಟರ್ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. 2016ರಲ್ಲಿ ಹತ್ಯೆಯಾದ ಸಂಸದೆ ಜೋ ಕಾಕ್ಸ್ ಅವರ ತಂಗಿ ಇವರು. ಆರು ತಿಂಗಳೊಳಗೆ ಸಾವು ಖಚಿತವೆನ್ನಿಸಿದ ರೋಗವಿರುವ, ಸ್ವಂತ ನಿರ್ಧಾರ ತೆಗೆದುಕೊಳ್ಳುವ ಮಾನಸಿಕ ಸಾಮರ್ಥ್ಯವಿರುವ ವಯಸ್ಕರು ವೈದ್ಯರ ನೆರವಿನಿಂದ ತಮ್ಮ ಜೀವ ಕೊನೆಗೊಳಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಇಬ್ಬರು ವೈದ್ಯರು ಒಪ್ಪಬೇಕು. ಮೇಲೆ ಕಾನೂನು ತಜ್ಞರು, ಮನೋವೈದ್ಯರು, ಸಮಾಜ ಕಾರ್ಯಕರ್ತರಿರುವ ಸಮಿತಿ ಪರಿಶೀಲಿಸಬೇಕು. ಔಷಧವನ್ನು ರೋಗಿಯೇ ತೆಗೆದುಕೊಳ್ಳಬೇಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಹೊರಡಿಸಿದ ಸುತ್ತೋಲೆಗೂ ಇದಕ್ಕೂ ವ್ಯತ್ಯಾಸವಿದೆ. ನಮ್ಮದು ಗುಣವಾಗದ ರೋಗಿಗೆ ಜೀವರಕ್ಷಕ ಯಂತ್ರಗಳನ್ನು ಹಿಂತೆಗೆಯುವ ವಿಷಯ. ಅಲ್ಲಿಯದು ಸಾವನ್ನು ತಾನಾಗಿ ಬರಮಾಡಿಕೊಳ್ಳುವ ವಿಷಯ.

ಇಂಥ ಮಸೂದೆಗಳಿಗೆ ಪಕ್ಷಗಳು ವಿಪ್ ಹೊರಡಿಸುವುದಿಲ್ಲ, ಸದಸ್ಯರು ಮನಸ್ಸಾಕ್ಷಿಯಂತೆ ಮತ ಹಾಕುತ್ತಾರೆ. 2015ರಲ್ಲಿ ಇಂಥದೇ ಮಸೂದೆಗೆ 118 ಮತ ಪರವಾಗಿ, 330 ವಿರುದ್ಧವಾಗಿ ಬಿದ್ದಿದ್ದವು. 2024ರ ನವೆಂಬರ್ 29ರಂದು ಪರವಾಗಿಯೇ 330, ವಿರುದ್ಧ 275. ಏಳು ತಿಂಗಳ ಚರ್ಚೆಯ ನಂತರ 2025ರ ಜೂನ್ 20ರಂದು ಅಂತರ ಸಣ್ಣದಾಯಿತು: 314ಕ್ಕೆ 291.

ಸಂಪುಟವೇ ಒಡೆದುಹೋಯಿತು. ಸ್ಟಾರ್ಮರ್ ಪರ, ಆಗಿನ ಉಪಪ್ರಧಾನಿ ಆಂಜೆಲಾ ರೇನರ್ ವಿರುದ್ಧ. ಕಾನೂನು ಬಂದರೆ ಜಾರಿ ಮಾಡಬೇಕಾದ ಇಬ್ಬರು ಸಚಿವರು, ಆರೋಗ್ಯದ ವೆಸ್ ಸ್ಟ್ರೀಟಿಂಗ್ ಮತ್ತು ಆಗ ನ್ಯಾಯಾಂಗ ಖಾತೆಯಲ್ಲಿದ್ದ ಶಬಾನಾ ಮಹಮೂದ್, ವಿರುದ್ಧ ನಿಂತರು. ಸ್ಟ್ರೀಟಿಂಗ್ ಆಂಗ್ಲಿಕನ್, ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ ಕ್ರೈಸ್ತ; ಮಹಮೂದ್ ಮುಸ್ಲಿಂ. ಹಿಂದೂ ಸುನಕ್ ಮಸೂದೆಯ ಪರ. ಕಾಮನ್ಸ್‌ನಲ್ಲಿ ವಿರೋಧದ ಮುಂಚೂಣಿಯಲ್ಲಿದ್ದವರಲ್ಲಿ ಒಬ್ಬರು ಡ್ಯಾನಿ ಕ್ರೂಗರ್, ಕಟ್ಟಾ ಕ್ರೈಸ್ತ. ಅವರ ತಾಯಿ, ಟಿ.ವಿ. ಅಡುಗೆ ಕಾರ್ಯಕ್ರಮಗಳಿಂದ ಮನೆಮಾತಾದ ಪ್ರೂ ಲೀತ್, ದಯಾಮರಣದ ಪರ ವರ್ಷಗಳಿಂದ ಪ್ರಚಾರ ಮಾಡುತ್ತ ಬಂದವರು. ಒಂದೇ ಮನೆಯೊಳಗೆ ಎರಡು ಪಕ್ಷ. ಇಷ್ಟೆಲ್ಲ ನಡೆದ ಕಾಮನ್ಸ್‌ನಲ್ಲಿ ಬಿಷಪ್ ಒಬ್ಬರೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಮಹಮೂದ್ ಅವರು ತಮ್ಮ ಕ್ಷೇತ್ರದ ಜನರಿಗೆ ಬರೆದ ಪತ್ರ ದೊಡ್ಡ ಜಗಳಕ್ಕೆ ಕಾರಣವಾಯಿತು. ತಮ್ಮ ಧರ್ಮಶ್ರದ್ಧೆಯನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ಆದರೆ ಆ ಪತ್ರದ ಭಾರ ಬಿದ್ದಿದ್ದು ಬೇರೆ ಮಾತಿನ ಮೇಲೆ: ರಾಜ್ಯವು ಸಾವನ್ನು ಒಂದು ಸೇವೆಯಾಗಿ ಒದಗಿಸಬಾರದು, ರಾಜ್ಯ ಯಾವಾಗಲೂ ಜನರ ಹಿತವನ್ನೇ ಬಯಸುತ್ತದೆ ಎಂದು ನಂಬುವಂತಿಲ್ಲ. ಇದಕ್ಕೆ ಅವರು ಕೊಟ್ಟ ಉದಾಹರಣೆಗಳು ಬ್ರಿಟಿಷರಿಗೆ ಚುಚ್ಚುವಂಥವು. 97 ಮಂದಿಯನ್ನು ಬಲಿ ತೆಗೆದುಕೊಂಡು, ಪೊಲೀಸರು ತಪ್ಪನ್ನು ಪ್ರೇಕ್ಷಕರ ಮೇಲೆಯೇ ಹೊರಿಸಿದ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದ ದುರಂತ. ಸರ್ಕಾರಿ ಆಸ್ಪತ್ರೆಗಳಲ್ಲಿ ಸೋಂಕಿತ ರಕ್ತ ಕೊಟ್ಟ ಹಗರಣ. ದೋಷಪೂರಿತ ಕಂಪ್ಯೂಟರ್ ಲೆಕ್ಕವನ್ನು ನಂಬಿ ನೂರಾರು ಅಂಚೆ ಕಚೇರಿ ನಿರ್ವಾಹಕರನ್ನು ಕಳ್ಳರೆಂದು ಶಿಕ್ಷಿಸಿದ ಪ್ರಕರಣ. ಮಸೂದೆಯ ಪ್ರಮುಖ ಬೆಂಬಲಿಗ, ಮಾಜಿ ನ್ಯಾಯಾಂಗ ಸಚಿವ ಲಾರ್ಡ್ ಫಾಲ್ಕನರ್ ಕೊಟ್ಟ ಪ್ರತಿಕ್ರಿಯೆಯ ಸಾರ ಇಷ್ಟು: ಆಕೆಗೆ ಪ್ರೇರಣೆ ಆಕೆಯ ಧರ್ಮ, ಅದನ್ನು ಗೌರವಿಸುತ್ತೇನೆ, ಆದರೆ ಅದನ್ನು ಬೇರೆಯವರ ಮೇಲೆ ಹೇರಬಾರದು.

ಈ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಮಸೂದೆಯ ವಿಷಯದಲ್ಲಿ ನಾನು ಫಾಲ್ಕನರ್ ಅವರ ಕಡೆಗೇ ವಾಲುವವನು, ಆದರೂ ಒಪ್ಪಿಗೆಯಾಗುವುದಿಲ್ಲ. ಅಂಚೆ ಕಚೇರಿಯ ಹಗರಣದ ಬಗ್ಗೆ ಆಕೆ ಹೇಳಿದ್ದಕ್ಕೆ ಉತ್ತರ ಬೇಕಿತ್ತು. ಉತ್ತರದ ಬದಲು ಆಕೆಯ ಮನಸ್ಸಿನೊಳಗೆ ಇಣುಕಿ ನೋಡಿ ತೀರ್ಪು ಕೊಟ್ಟಂತಾಯಿತು. ಅದೇ ವಾದವನ್ನು ನಾಸ್ತಿಕನೊಬ್ಬ ಮುಂದಿಟ್ಟಿದ್ದರೆ ಆತನ ಪ್ರೇರಣೆ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ದೇವರನ್ನು ನಂಬದವರ ಮನಸ್ಸಾಕ್ಷಿಯೂ ಎಲ್ಲಿಂದಲೋ ಬಂದದ್ದೇ ತಾನೆ, ತಾಯಿಯ ಸಾವಿನ ನೋವಿನಿಂದ, ಓದಿನಿಂದ, ಬೆಳೆದ ಮನೆಯಿಂದ. ಇದೇ ಬ್ರಿಟನ್ನಿನಲ್ಲಿ 1880ರಲ್ಲಿ ನಾಸ್ತಿಕ ಚಾರ್ಲ್ಸ್ ಬ್ರಾಡ್‌ಲಾ ಆರಿಸಿ ಬಂದಾಗ, ದೇವರ ಮೇಲಿನ ಆಣೆ ಅವರ ಬಾಯಲ್ಲಿ ಸುಳ್ಳಾಗುತ್ತದೆಂದು ಸ್ಥಾನ ಕೊಡದೆ ಆರು ವರ್ಷ ಸತಾಯಿಸಿದ್ದರು. ಭಾರತದ ಪರ ದನಿಯೆತ್ತಿದ ಆ ಮನುಷ್ಯನ ಅಂತ್ಯಕ್ರಿಯೆಗೆ ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧಿ ಹೋಗಿದ್ದರು. ಅಂದು ನಂಬದವನ ಮನಸ್ಸನ್ನು ಶೋಧಿಸಿದರು, ಇಂದು ನಂಬುವವಳ ಮನಸ್ಸನ್ನು.

ಮಸೂದೆ 2025ರ ಸೆಪ್ಟೆಂಬರ್‌ನಲ್ಲಿ ಲಾರ್ಡ್ಸ್‌ನಲ್ಲಿ ಚರ್ಚೆಗೆ ಬಂತು. ಬಿಷಪ್‌ಗಳು ಬಲವಾಗಿ ವಿರೋಧಿಸಿದರು ನಿಜ. ಆದರೆ ಅಲ್ಲಿ ಬಿದ್ದ ಸಾವಿರಕ್ಕೂ ಹೆಚ್ಚು ತಿದ್ದುಪಡಿಗಳಲ್ಲಿ ಬಹುಪಾಲು ಬೆರಳೆಣಿಕೆಯ ಆಜೀವ ಸದಸ್ಯರಿಂದ ಬಂದವು. ವಿರೋಧಿಗಳಲ್ಲಿ ಹೆಚ್ಚು ತೂಕವಿದ್ದ ದನಿಗಳು ಪ್ಯಾರಾಲಿಂಪಿಕ್ ಚಾಂಪಿಯನ್ ಟ್ಯಾನಿ ಗ್ರೇ-ಥಾಂಪ್ಸನ್ ಅವರದು, ಗುಣವಾಗದ ರೋಗಿಗಳ ನೋವು ತಗ್ಗಿಸುವ ಉಪಶಾಮಕ ಆರೈಕೆಯ ವೈದ್ಯೆ ಇಲೋರಾ ಫಿನ್ಲೇ ಅವರದು. ಅಂಗವಿಕಲರಿಗೆ ತಾವು ಹೊರೆಯೆಂಬ ಭಾವನೆ ಮೂಡಿಸುವ ಸಮಾಜದಲ್ಲಿ ಇಂಥ ಹಕ್ಕು ನಿಧಾನವಾಗಿ ಒತ್ತಡವಾಗುತ್ತದೆ ಎಂಬ ವಾದಕ್ಕೆ ಬೈಬಲ್ ಬೇಕಿಲ್ಲ. ಮತ್ತೊಂದು ಕಡೆ, ಹಿಂದೊಮ್ಮೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆಗಿದ್ದ ಜಾರ್ಜ್ ಕ್ಯಾರಿ ದಯಾಮರಣದ ಪರವಾಗಿದ್ದಾರೆ. ಧರ್ಮ ಒಂದು ಕಡೆ, ವಿಚಾರ ಇನ್ನೊಂದು ಕಡೆ ಎಂದು ಗೆರೆ ಎಳೆಯಹೊರಟವರ ಕೈಗೆ ಗೆರೆ ಸಿಗುತ್ತಿಲ್ಲ.

ಬಿಷಪ್‌ಗಳ ಬಗ್ಗೆ ಬ್ರಿಟಿಷ್ ರಾಜಕಾರಣಿಗಳ ಇಬ್ಬಂದಿತನವನ್ನೂ ಹೇಳಲೇಬೇಕು. ಚರ್ಚ್ ಆಫ್ ಇಂಗ್ಲೆಂಡ್ ಎಂದರೆ ಪ್ರಾರ್ಥನೆಗೆ ಕುಳಿತ ಟೋರಿ (ಕನ್ಸರ್ವೇಟಿವ್) ಪಕ್ಷ ಎಂಬ ಹಳೆಯ ಗೇಲಿಯಿತ್ತು. 1985ರಲ್ಲಿ ನಗರಗಳ ಬಡತನದ ಬಗ್ಗೆ ಚರ್ಚ್ ವರದಿ ತಂದಾಗ ಥ್ಯಾಚರ್ ಸರ್ಕಾರದ ಕಡೆಯವರೇ ಅದನ್ನು ಮಾರ್ಕ್ಸ್‌ವಾದವೆಂದು ಜರೆದರು. 2022ರ ಜೂನ್‌ನಲ್ಲಿ, ಆಶ್ರಯ ಕೋರಿ ಬಂದವರನ್ನು ರುವಾಂಡಾಕ್ಕೆ ಸಾಗಿಸುವ ಯೋಜನೆಯನ್ನು ಲಾರ್ಡ್ಸ್‌ನಲ್ಲಿದ್ದ ಬಿಷಪ್‌ಗಳೆಲ್ಲ ಸೇರಿ ಪತ್ರಿಕೆಗೆ ಪತ್ರ ಬರೆದು ಖಂಡಿಸಿದರು. ಆಗ ಬಲಪಂಥೀಯರಿಗೆ ಸಿಟ್ಟು ಬಂತು, ಇವರನ್ನು ಆರಿಸಿದವರು ಯಾರು ಎಂದು ಕೇಳಿದರು. ಎಡಪಂಥೀಯರು ಚಪ್ಪಾಳೆ ತಟ್ಟಿದರು. ಕುಟುಂಬದ ಎರಡು ಮಕ್ಕಳಿಗಷ್ಟೇ ಭತ್ಯೆ ಕೊಡುವ 2017ರ ಮಿತಿಯನ್ನು ತೆಗೆಯಬೇಕೆಂದು ಡರ್ಹಾಮ್‌ನ ಬಿಷಪ್ ಲಾರ್ಡ್ಸ್‌ನಲ್ಲಿ ಖಾಸಗಿ ಮಸೂದೆಯನ್ನೇ ತಂದಿದ್ದರು. 2025ರ ನವೆಂಬರ್ ಬಜೆಟ್‌ನಲ್ಲಿ ಸರ್ಕಾರ ಆ ಮಿತಿಯನ್ನು ತೆಗೆಯುವುದಾಗಿ ಘೋಷಿಸಿದಾಗ, ಇದು ಧರ್ಮದ ಹಸ್ತಕ್ಷೇಪವೆಂದು ಲೇಬರ್ ಪಕ್ಷದಲ್ಲಿ ಯಾರೂ ಗೊಣಗಲಿಲ್ಲ. ಅದೇ ಬಿಷಪ್‌ಗಳು ದಯಾಮರಣದ ವಿರುದ್ಧ ಎದ್ದು ನಿಂತಾಗ ಪಾತ್ರಗಳು ಅದಲುಬದಲಾದವು.

ಈ ಕುರ್ಚಿಗಳ ಜಗಳದಲ್ಲಿ ಮುಳುಗಿದವರಿಗೆ ಹೊರಗಿನ ಬೀದಿ ಕಾಣುತ್ತಿಲ್ಲವೇನೋ ಎಂಬುದು ನನ್ನ ಅನುಮಾನ. 2024ರ ಚುನಾವಣೆಯಲ್ಲಿ ಲೆಸ್ಟರ್ ಸೌತ್, ಬ್ಲ್ಯಾಕ್‌ಬರ್ನ್, ಬರ್ಮಿಂಗ್‌ಹ್ಯಾಮ್ ಪೆರಿ ಬಾರ್, ಡ್ಯೂಸ್‌ಬರಿ ಕ್ಷೇತ್ರಗಳಲ್ಲಿ ಗಾಜಾ ವಿಷಯದ ಮೇಲೆ ಪಕ್ಷೇತರರು ಲೇಬರ್ ಪಕ್ಷವನ್ನು ಸೋಲಿಸಿದರು. ಅದೇ ಊರಿನ ಲೆಸ್ಟರ್ ಈಸ್ಟ್‌ನಲ್ಲಿ, ಗುಜರಾತಿ ಹಿಂದೂಗಳು ದೊಡ್ಡ ಸಂಖ್ಯೆಯಲ್ಲಿರುವ ಕ್ಷೇತ್ರದಲ್ಲಿ, ದೇಶವೆಲ್ಲ ಸೋತ ಕನ್ಸರ್ವೇಟಿವ್ ಪಕ್ಷ ಗೆದ್ದಿತು. 2025ರ ಸೆಪ್ಟೆಂಬರ್ 13ರಂದು ಕಡು ಬಲಪಂಥೀಯ ಟಾಮಿ ರಾಬಿನ್ಸನ್ ಕರೆಕೊಟ್ಟ ಲಂಡನ್ ಮೆರವಣಿಗೆಯಲ್ಲಿ ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಧ್ವಜಗಳ ನಡುವೆ ಮರದ ಶಿಲುಬೆಗಳೂ ಇದ್ದವು. ವಲಸಿಗರ ವಿರುದ್ಧದ ಘೋಷಣೆಗೆ ಶಿಲುಬೆ ಎತ್ತುವುದನ್ನು ಖಂಡಿಸಿ ಮಾತಾಡಿದವರಲ್ಲಿ ಬಿಷಪ್‌ಗಳೂ ಇದ್ದರು. ಇಂಗ್ಲೆಂಡ್ ತನ್ನ ಕ್ರೈಸ್ತ ಬುನಾದಿಗೆ ಮರಳಬೇಕೆಂದು ಡ್ಯಾನಿ ಕ್ರೂಗರ್ ಬಹುತೇಕ ಖಾಲಿಯಿದ್ದ ಕಾಮನ್ಸ್‌ನಲ್ಲಿ ಜುಲೈ ತಿಂಗಳಲ್ಲಿ ಭಾಷಣ ಮಾಡಿದ್ದರು. ಸೆಪ್ಟೆಂಬರ್‌ನಲ್ಲಿ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷ ಸೇರಿದರು. ಚರ್ಚಿಗೆ ಹೋಗದವರ ಕ್ರೈಸ್ತ ರಾಜಕಾರಣ ಬೆಳೆಯುತ್ತಿದೆ, ಅದನ್ನು ತಡೆಯಲು ಕೈಲಾದಷ್ಟು ಹೆಣಗುತ್ತಿರುವ ಸಂಸ್ಥೆಗಳಲ್ಲಿ ಅಧಿಕೃತ ಚರ್ಚೂ ಒಂದು.

ಥೇಮ್ಸ್ ನದಿಯ ದಡದಲ್ಲಿ, ಸಂಸತ್ ಭವನದ ಎದುರು ದಂಡೆಯಲ್ಲಿ, ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅದನ್ನು ಅನಾವರಣ ಮಾಡಿದರು. ಆರ್ಚ್‌ಬಿಷಪ್ಪರ ಅಧಿಕೃತ ನಿವಾಸವಾದ ಲ್ಯಾಂಬೆತ್ ಅರಮನೆ ಅಲ್ಲಿಂದ ಕೂಗಳತೆ. ಅನುಭವ ಮಂಟಪವನ್ನು ಸಂಸತ್ತಿಗೆ ಹೋಲಿಸಿ ಭಾಷಣ ಮಾಡುವ ನಮ್ಮ ಮುಖಂಡರು ಲಂಡನ್ನಿಗೆ ಹೋದಾಗ ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಎದುರು ದಡದ ಮನೆಯಲ್ಲಿ ಪುರೋಹಿತರಿಗೆ ಮೀಸಲು ಸ್ಥಾನಗಳಿವೆ ಎಂಬುದನ್ನು ಯಾರಾದರೂ ಗಮನಿಸಿದ್ದಾರೋ ಇಲ್ಲವೋ.

ನನ್ನ ಅಭಿಪ್ರಾಯ ಕೇಳಿದರೆ, ಆ 26 ಸ್ಥಾನಗಳಿಗೆ ಸಮರ್ಥನೆ ಇಲ್ಲ. ಒಂದು ದೇಶದ ಒಂದು ಭಾಗದ, ಒಂದು ಪಂಥದ ಅಧಿಕಾರಿಗಳಿಗೆ ಎಲ್ಲರ ಕಾನೂನಿನ ಮೇಲೆ ಮತ ಕೊಡುವುದು ನ್ಯಾಯವಲ್ಲ. ರುವಾಂಡಾ ವಿಷಯದಲ್ಲಿ ಅವರು ಹೇಳಿದ್ದು ಸರಿಯಿತ್ತು ಎಂಬುದು ಆ ಮತಕ್ಕೆ ಆಧಾರವಾಗುವುದಿಲ್ಲ. ಅವರು ಹೋಗಲಿ. ಆದರೆ ಅವರು ಹೋದೊಡನೆ ಸಂಸತ್ತಿನಿಂದ ಧರ್ಮ ಹೋಗುತ್ತದೆಂದು ಕಾದು ಕುಳಿತವರಿಗೆ ನಿರಾಸೆ ಕಾದಿದೆ. ಕಾಮನ್ಸ್‌ನಲ್ಲಿ 314ಕ್ಕೆ 291 ಎಂದು ಸಭೆ ಸೀಳಿದ್ದು ಬಿಷಪ್‌ಗಳ ಮತದಿಂದಲ್ಲ.

ಸದ್ಯಕ್ಕಂತೂ ಅವರು ಹೋಗುವ ಲಕ್ಷಣವಿಲ್ಲ. ವೆಲ್ಬಿ ಅವರ ಜಾಗಕ್ಕೆ 2025ರ ಅಕ್ಟೋಬರ್ 3ರಂದು ಸಾರಾ ಮುಲಾಲಿ ಅವರ ಹೆಸರು ಪ್ರಕಟವಾಯಿತು, ಕ್ಯಾಂಟರ್‌ಬರಿಯ ಮೊದಲ ಮಹಿಳಾ ಆರ್ಚ್‌ಬಿಷಪ್. ಪಾದ್ರಿಯಾಗುವ ಮೊದಲು ಅವರು ದಾದಿ; ಇಂಗ್ಲೆಂಡಿನ ದಾದಿಯರ ಮುಖ್ಯಸ್ಥೆಯಾಗಿ ಸರ್ಕಾರದಲ್ಲಿ ಕೆಲಸ ಮಾಡಿದವರು. ದಯಾಮರಣವನ್ನು ಅವರು ವಿರೋಧಿಸುವಾಗ ಮಾತಾಡುತ್ತಿರುವುದು ಪಾದ್ರಿಯೋ ದಾದಿಯೋ ಎಂದು ಬಿಡಿಸಿ ಹೇಳಲು ಅವರಿಗೂ ಆಗಲಾರದು. ಇನ್ನು ಲಾರ್ಡ್ಸ್ ಸದಸ್ಯರೆಲ್ಲ 80 ವರ್ಷಕ್ಕೆ ನಿವೃತ್ತರಾಗಬೇಕೆಂಬುದು ಲೇಬರ್ ಪಕ್ಷದ ಪ್ರಣಾಳಿಕೆಯ ಭರವಸೆ. ಬಿಷಪ್‌ಗಳಿಗೆ ಈ ನಿಯಮದ ಹಂಗಿಲ್ಲ. ಅವರು ಈಗಾಗಲೇ 70ಕ್ಕೆ ಹುದ್ದೆಯ ಜತೆಗೆ ಸದನದ ಸ್ಥಾನವನ್ನೂ ಬಿಡುತ್ತಾರೆ. ಕೆಲವರು ಬೇರೆ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತಾರೆ: 2020ರಲ್ಲಿ ನಿವೃತ್ತರಾದ ಯಾರ್ಕ್‌ನ ಆರ್ಚ್‌ಬಿಷಪ್ ಜಾನ್ ಸೆಂಟಾಮು ಮರುವರ್ಷವೇ ಆಜೀವ ಸದಸ್ಯರಾಗಿ ಅದೇ ಸಭೆಗೆ ಮರಳಿದರು.